ಹಳೇ ಎಕ್ಸ್‌ಪಿ ಕಂಪ್ಯೂಟರಿನಲ್ಲಿ ಡಿವಿಡಿ ಡ್ರೈವ್ ಭಾರೀ ನಿಧಾನ, ಯಾವ ಸೆಟ್ಟಿಂಗ್ ಬದಲಾಯಿಸಬೇಕು?

ಕುಂಜಿಬೆಟ್ಟು_ಭಟ್ | ಶನಿವಾರ ರಾತ್ರಿ 9.10

ಎಲ್ಲರಿಗೂ ನಮಸ್ಕಾರ. ಅಪ್ಪ ಕೂಡಿಟ್ಟ 143 ಡಿಸ್ಕ್ ನಮ್ಮ ಮನೆಯ ಕಪಾಟಿನಲ್ಲಿ ಉಂಟು. ಅರ್ಧಕ್ಕರ್ಧ ತಾಳಮದ್ದಳೆ, ವೇಷ ಕುಣಿತ ಇಲ್ಲದೆ ಕೂತು ಹಾಡು ಮಾತಿನಲ್ಲೇ ನಡೆಸುವ ಯಕ್ಷಗಾನ. ಅಪ್ಪನೇ ಟೇಪ್‌ರೆಕಾರ್ಡರ್ ಹೊತ್ತುಕೊಂಡು ಹೋಗಿ ಕ್ಯಾಸೆಟ್ಟಿನಲ್ಲಿ ಹಿಡಿದದ್ದು, ಆಮೇಲೆ ಎಂಪಿ3 ಮಾಡಿಸಿ ಸಿಡಿಗೆ ಹಾಕಿಸಿದ್ದು. ಉಳಿದವು ಯಕ್ಷಗಾನದ ವಿಸಿಡಿ (ವಿಡಿಯೋ ಸಿಡಿ), ಯಕ್ಷಗಾನ ಆಟದ ಬಯಲಿನಲ್ಲಿ ಚುರುಮುರಿ ಗಾಡಿಯ ಪಕ್ಕ ಮಾರುತ್ತಿದ್ದರಲ್ಲ, ಅಂಥವು. ಎಲ್ಲವನ್ನೂ ಹಾರ್ಡ್‌ಡಿಸ್ಕಿಗೆ ಹಾಕಿಡಬೇಕೆಂದು ಹೊರಟಿದ್ದೇನೆ.

ಕಂಪ್ಯೂಟರ್ ಕೂಡ ಅಪ್ಪನದ್ದೇ. 2005ರ ಪೆಂಟಿಯಂ 4, 512 ಎಂಬಿ ರ‍್ಯಾಮ್, ವಿಂಡೋಸ್ ಎಕ್ಸ್‌ಪಿ, ಹಳೇ ಚಪ್ಪಟೆ ಕೇಬಲಿನ ಐಡಿಇ ಡಿವಿಡಿ ರೈಟರ್. ಒಂದು ಸಿಡಿ ಕಾಪಿ ಆಗಲಿಕ್ಕೆ 40-50 ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತೂ ಮೌಸ್ ಎಳೆದ ಹಾಗೆ ಬರುವುದಿಲ್ಲ, ನಿಂತು ನಿಂತು ಹಾರುತ್ತದೆ. ಪೇಟೆಯ ಒಂದು ಅಂಗಡಿಗೆ ಕೊಂಡುಹೋದೆ, ಮದರ್‌ಬೋರ್ಡೇ ಹೋಗಿದೆ, ಎಸೆಯಿರಿ ಅಂದರು. ರಿಜಿಸ್ಟ್ರಿಯಲ್ಲಿ ಸಿಡಿಎಫ್‌ಎಸ್ ಕ್ಯಾಶ್ ಜಾಸ್ತಿ ಮಾಡಿದರೆ ವೇಗ ಬರುತ್ತದೆ ಅಂತ ಎಲ್ಲೋ ಓದಿ ಅದನ್ನೂ ಮಾಡಿದೆ. ಏನೂ ವ್ಯತ್ಯಾಸ ಇಲ್ಲ. ಗೊತ್ತಿದ್ದವರು ದಾರಿ ಹೇಳಿ.

ಹೊಸ_ಕಾಪು | 9.14

ಈ ಕಾಲದಲ್ಲಿ ಸಿಡಿಯಾ? ಎಲ್ಲ ಯೂಟ್ಯೂಬಲ್ಲಿ ಉಂಟಲ್ಲ ಅಣ್ಣ.

ಮಾಷ್ಟ್ರು_ಬ್ರಹ್ಮಾವರ | 9.21

ಇಲ್ಲ ಮಗಾ. ಮೇಳದ ಆಟ ಸಿಗಬಹುದು. ದೇವಸ್ಥಾನದ ಜಗಲಿಯಲ್ಲಿ ನಲ್ವತ್ತು ಜನ ಕೂತು ಕೇಳಿದ ತಾಳಮದ್ದಳೆ ಯಾರು ಹಾಕಿದ್ದಾರೆ? ಅದೊಂದು ಕ್ಯಾಸೆಟ್ ಹಾಳಾದರೆ ಆ ರಾತ್ರಿಯ ಅರ್ಥಗಾರಿಕೆ ಹೋಯಿತು ಅಂತಲೇ ಲೆಕ್ಕ. ಅರ್ಥಧಾರಿ ಬಾಯಿಪಾಠ ಒಪ್ಪಿಸುವುದಿಲ್ಲ, ಆ ಹೊತ್ತಿಗೆ ಎದುರಿನವರು ಹೇಳಿದ್ದಕ್ಕೆ ತಕ್ಕ ಹಾಗೆ ಮಾತು ಕಟ್ಟುತ್ತಾನೆ. ಮರುದಿನ ಅವನಿಗೇ ಅದು ಹಾಗೆಯೇ ಬರುವುದಿಲ್ಲ. ಭಟ್ರೆ, ನೀವು ಮಾಡುತ್ತಿರುವುದು ದೊಡ್ಡ ಕೆಲಸ.

ಬಿಜೈ_ಹಾರ್ಡ್‌ವೇರ್ | 9.40

ಭಟ್ರೆ, ಮದರ್‌ಬೋರ್ಡ್ ಹೋಗಲಿಲ್ಲ. ಮೌಸ್ ಹಾರುತ್ತದೆ ಅಂದಿರಲ್ಲ, ಅಲ್ಲಿಗೇ ಕಾಯಿಲೆ ಗೊತ್ತಾಯಿತು. ನಿಮ್ಮ ಡ್ರೈವ್ ಪಿಐಒ ಅನ್ನುವ ನಿಧಾನದ ಮೋಡಿಗೆ ಬಿದ್ದಿದೆ. ಮಂಗಳೂರಲ್ಲಿ ಹದಿನೆಂಟು ವರ್ಷ ಇದೇ ರಿಪೇರಿ ಮಾಡಿದವ ನಾನು, ಎಕ್ಸ್‌ಪಿ ಕಾಲದಲ್ಲಿ ವಾರಕ್ಕೆ ಒಂದಾದರೂ ಹೀಗೆ ಬರುತ್ತಿತ್ತು.

ಹೀಗೆ ನೋಡಿ. ಮೈ ಕಂಪ್ಯೂಟರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಹಾರ್ಡ್‌ವೇರ್, ಡಿವೈಸ್ ಮ್ಯಾನೇಜರ್. ಅಲ್ಲಿ ಐಡಿಇ ಕಂಟ್ರೋಲರ್ ಅಂತ ಒಂದು ಸಾಲು ಉಂಟು. ಅದನ್ನು ಬಿಡಿಸಿ ಸೆಕೆಂಡರಿ ಐಡಿಇ ಚಾನೆಲ್ ತೆರೆಯಿರಿ, ಅಡ್ವಾನ್ಸ್ಡ್ ಸೆಟ್ಟಿಂಗ್ಸಿಗೆ ಹೋಗಿ. ಕರೆಂಟ್ ಟ್ರಾನ್ಸ್‌ಫರ್ ಮೋಡ್ ಎದುರು ಎಂತ ಬರೆದಿದೆ ಅಂತ ಇಲ್ಲಿ ಹಾಕಿ. ಅಲ್ಟ್ರಾ ಡಿಎಂಎ ಮೋಡ್ 2 ಅಂತ ಇರಬೇಕಿತ್ತು, ಅದು ಡೇಟಾ ನೇರ ಮೆಮೊರಿಗೆ ಹೋಗುವ ವೇಗದ ದಾರಿ.

ಕುಂಜಿಬೆಟ್ಟು_ಭಟ್ | 9.52

ಪಿಐಒ ಮೋಡ್ ಅಂತಲೇ ಉಂಟು! ಆದರೆ ಅದರ ಮೇಲಿನ ಪಟ್ಟಿಯಲ್ಲಿ "ಡಿಎಂಎ ಇಫ್ ಅವೈಲೇಬಲ್" ಅಂತ ಆರಿಸಿಯೇ ಇದೆ. ನಾನು ಯಾವತ್ತೂ ಅಲ್ಲಿ ಕೈ ಹಾಕಿದವನಲ್ಲ.

ಬಿಜೈ_ಹಾರ್ಡ್‌ವೇರ್ | 10.05

ನೀವು ಕೈ ಹಾಕಬೇಕೆಂದಿಲ್ಲ, ಎಕ್ಸ್‌ಪಿಯೇ ಹಾಕುತ್ತದೆ. ಡ್ರೈವಿನಿಂದ ಉತ್ತರ ತಡವಾದರೆ ಅಥವಾ ಕೇಬಲಿನಲ್ಲಿ ಡೇಟಾ ಕೆಟ್ಟು ಬಂದರೆ ಅದನ್ನು ಒಂದು ತಪ್ಪು ಅಂತ ಬರೆದಿಟ್ಟುಕೊಳ್ಳುತ್ತದೆ. ಒಟ್ಟು ಆರು ತಪ್ಪು ಆಯಿತೋ, ವೇಗವನ್ನು ಒಂದು ಮೆಟ್ಟಿಲು ಇಳಿಸುತ್ತದೆ. ಹಾಗೆಯೇ ಇಳಿಯುತ್ತಾ ಇಳಿಯುತ್ತಾ ಕೊನೆಗೆ ಪಿಐಒ. ಅಲ್ಲಿಂದ ತಾನಾಗಿ ಮೇಲೆ ಹತ್ತುವುದಿಲ್ಲ. ಪಿಐಒ ಅಂದರೆ ಡ್ರೈವಿನಿಂದ ಬರುವ ಪ್ರತಿ ತುಣುಕನ್ನೂ ಪ್ರೊಸೆಸರೇ ಕೈಯಾರೆ ಎತ್ತಿ ಮೆಮೊರಿಗೆ ಹಾಕಬೇಕು. ಬೇರೆ ಕೆಲಸಕ್ಕೆ ಅದಕ್ಕೆ ಪುರುಸೊತ್ತೇ ಇಲ್ಲ, ಅದಕ್ಕೇ ಮೌಸ್ ಹಾರುವುದು.

ಮದ್ದು ಸುಲಭ. ಅದೇ ಸೆಕೆಂಡರಿ ಐಡಿಇ ಚಾನೆಲ್ ಮೇಲೆ ರೈಟ್ ಕ್ಲಿಕ್ ಮಾಡಿ ಅನ್‌ಇನ್‌ಸ್ಟಾಲ್ ಕೊಡಿ, ಹೆದರಬೇಡಿ. ರೀಸ್ಟಾರ್ಟ್ ಮಾಡಿದರೆ ವಿಂಡೋಸ್ ಹೊಸದಾಗಿ ಹುಡುಕಿ ಡಿಎಂಎಗೆ ಕೂರಿಸುತ್ತದೆ.

ಕದ್ರಿ_ಪೈ | 10.11

ಇಷ್ಟೆಲ್ಲ ಯಾಕೆ? ಸಿಸ್ಟಂ ಪ್ರಾಪರ್ಟೀಸಿನಲ್ಲಿ ಪರ್ಫಾರ್ಮೆನ್ಸ್, ಫೈಲ್ ಸಿಸ್ಟಂ, ಸಿಡಿ ರಾಮ್ ಅಂತ ಒಂದು ಟ್ಯಾಬ್ ಉಂಟು. ಅಲ್ಲಿ ಕ್ಯಾಶ್ ಗುಂಡಿಯನ್ನು ಪೂರ್ತಿ ಬಲಕ್ಕೆ ಎಳೆದು, ಕೆಳಗೆ "ಕ್ವಾಡ್ ಸ್ಪೀಡ್ ಆರ್ ಹೈಯರ್" ಆರಿಸಿದರೆ ಆಯಿತು. ನಾನು ಯಾವಾಗಲೂ ಹಾಗೇ ಮಾಡುತ್ತಿದ್ದದ್ದು.

ಬಿಜೈ_ಹಾರ್ಡ್‌ವೇರ್ | 10.16

ಪೈಗಳೇ, ಅದು ವಿಂಡೋಸ್ 98ರಲ್ಲಿ. ಎಕ್ಸ್‌ಪಿಯಲ್ಲಿ ಆ ಟ್ಯಾಬೇ ಇಲ್ಲ. ಭಟ್ರು ರಿಜಿಸ್ಟ್ರಿಯಲ್ಲಿ ಬರೆದ ಸಿಡಿಎಫ್‌ಎಸ್ ಕ್ಯಾಶ್ ಕೂಡ ಆ ಕಾಲದ್ದೇ, ಎಕ್ಸ್‌ಪಿ ಅದನ್ನು ಓದುವುದೇ ಇಲ್ಲ.

ಕದ್ರಿ_ಪೈ | 10.30

ಹೌದು, ಸರಿ. 98ರಲ್ಲೇ. ಪೂರ್ತಿ ಎಳೆದರೆ 1238 ಕೆಬಿ ಅಂತ ತೋರಿಸುತ್ತಿತ್ತು, ಆ ಸಂಖ್ಯೆ ಇನ್ನೂ ನೆನಪುಂಟು. 32 ಎಂಬಿ ರ‍್ಯಾಮ್ ಇದ್ದ ಕಾಲದಲ್ಲಿ ಅದೇ ದೊಡ್ಡದು. ಆಗ ಹಂಪನಕಟ್ಟೆಯಲ್ಲಿ ಗಂಟೆ ಲೆಕ್ಕದ ಸೈಬರಿನಲ್ಲಿ ಕೂತು ಇಂಥದ್ದನ್ನೆಲ್ಲ ಓದಿ, ಕಾಗದದಲ್ಲಿ ಬರೆದುಕೊಂಡು ಮನೆಗೆ ಬಂದು ಮಾಡುತ್ತಿದ್ದೆ.

ಕುಂದಾಪ್ರದ್_ಮಾಣಿ | 10.33

ಹ್ವಾಯ್ ಪೈಗಳೆ, ನಾವೂ ಹಾಂಗೇ ಮಾಡದ್ದ್ ಕಾಣಿ. ಅರ್ಧ ಗಂಟಿ ಮುಗಿಯುಕೆ ಮೊದ್ಲ್ ಬರ್ಕೊಂಬುದೇ ದೊಡ್ಡ್ ಗಡಿಬಿಡಿ.

ಕುಂಜಿಬೆಟ್ಟು_ಭಟ್ | 11.02

ಬಿಜೈ ಅಣ್ಣ, ಆಯಿತು! ಅನ್‌ಇನ್‌ಸ್ಟಾಲ್ ಮಾಡಿ ಎರಡು ಸಲ ರೀಸ್ಟಾರ್ಟ್ ಕೇಳಿತು. ಈಗ ಅಲ್ಟ್ರಾ ಡಿಎಂಎ ಮೋಡ್ 2. ಚೆನ್ನಾಗಿದ್ದ ಒಂದು ಸಿಡಿ ಹಾಕಿ ಗಡಿಯಾರ ನೋಡಿದೆ, 3 ನಿಮಿಷ 40 ಸೆಕೆಂಡಿನಲ್ಲಿ ಪೂರ್ತಿ ಬಂತು. ಮೌಸ್ ಬೆಣ್ಣೆಯ ಹಾಗೆ ಓಡುತ್ತದೆ. ತುಂಬ ಉಪಕಾರ. ಇನ್ನು ಒಂದೊಂದಾಗಿ ಹಾಕುತ್ತೇನೆ.

ಕುಂಜಿಬೆಟ್ಟು_ಭಟ್ | ಭಾನುವಾರ ಮಧ್ಯಾಹ್ನ 12.45

ಪುನಃ ಅದೇ ಕಥೆ. ಬೆಳಗ್ಗಿನಿಂದ ಹದಿನಾರು ಡಿಸ್ಕ್ ಸರಾಗ ಬಂತು. ಹದಿನೇಳನೆಯದು ಸ್ವಲ್ಪ ಗೀರು ಬಿದ್ದದ್ದು. ಅದನ್ನು ಹಾಕಿದ ಮೇಲೆ ಡ್ರೈವ್ ಸುಂಯ್ ಅಂತ ಏರುತ್ತದೆ, ಟಕ್ ಟಕ್ ಅನ್ನುತ್ತದೆ, ಇಳಿಯುತ್ತದೆ, ಪುನಃ ಏರುತ್ತದೆ. ಇಪ್ಪತ್ತು ನಿಮಿಷ ಕಾದು ತೆಗೆದೆ. ಈಗ ಒಳ್ಳೆಯ ಡಿಸ್ಕ್ ಹಾಕಿದರೂ ನಿಧಾನ. ಹೋಗಿ ನೋಡಿದರೆ ಪಿಐಒ!

ಬಿಜೈ_ಹಾರ್ಡ್‌ವೇರ್ | 1.10

ಅದೇ ಆಗಿದ್ದು. ಗೀರು ಬಿದ್ದ ಜಾಗ ಓದಲಿಕ್ಕಾಗದೆ ಡ್ರೈವ್ ಉತ್ತರ ಕೊಡುವುದು ತಡವಾಯಿತು, ಎಕ್ಸ್‌ಪಿ ಆರು ತಪ್ಪು ಎಣಿಸಿತು, ಇಳಿಸಿತು. ತಪ್ಪು ಡಿಸ್ಕಿನದ್ದು, ಶಿಕ್ಷೆ ಡ್ರೈವಿಗೆ.

ಇದಕ್ಕೂ ಒಂದು ಉಪಾಯ ಉಂಟು. ರಿಜಿಸ್ಟ್ರಿಯಲ್ಲಿ ಆ ಐಡಿಇ ಚಾನೆಲಿನ ಕೀಲಿಯೊಳಗೆ ರೆಸೆಟ್‌ಎರರ್‌ಕೌಂಟರ್ಸ್‌ಆನ್‌ಸಕ್ಸೆಸ್ ಅಂತ ಒಂದು ಡಿವರ್ಡ್ (ಸಂಖ್ಯೆ ಬರೆಯುವ ನಮೂದು) ಮಾಡಿ 1 ಕೊಡಬೇಕು. ಆಗ ನಡುವೆ ಒಂದು ಸಲ ಸರಿಯಾಗಿ ಓದಿದರೂ ಹಳೆಯ ತಪ್ಪುಗಳ ಲೆಕ್ಕ ಸೊನ್ನೆಯಾಗುತ್ತದೆ. ಮೈಕ್ರೋಸಾಫ್ಟಿನವರೇ ಹೇಳಿದ ದಾರಿ ಇದು. ಜೊತೆಗೆ ಒಳಗಿನ ಚಪ್ಪಟೆ ಕೇಬಲ್ ಒಮ್ಮೆ ತೆಗೆದು ಒತ್ತಿ ಹಾಕಿ. ಹಾರ್ಡ್‌ಡಿಸ್ಕೂ ಡಿವಿಡಿಯೂ ಒಂದೇ ಕೇಬಲಿನಲ್ಲಿದ್ದರೆ ಬೇರೆ ಬೇರೆ ಮಾಡಿ. ಒಂದು ಕೇಬಲಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಲಿಕ್ಕೆ ಆಗುವುದು.

ಪೆಂಗ್ವಿನ್_ಮಣಿಪಾಲ | 1.25

ಕ್ಷಮಿಸಿ, ನಾನು ಇದನ್ನು ಒಪ್ಪುವುದಿಲ್ಲ. ಎಕ್ಸ್‌ಪಿಗೆ ತೇಪೆ ಹಾಕುತ್ತಾ ಕೂತರೆ 143 ಡಿಸ್ಕ್ ಮುಗಿಯಲಿಕ್ಕಿಲ್ಲ. ಪೆನ್‌ಡ್ರೈವಿಗೆ ಹಗುರದ ಒಂದು ಲಿನಕ್ಸ್ ಹಾಕಿ ಬೂಟ್ ಮಾಡಿ. ಡಿಡಿರೆಸ್ಕ್ಯೂ ಅಂತ ಒಂದು ಪ್ರೋಗ್ರಾಂ ಉಂಟು. ಅದು ಮೊದಲು ಸುಲಭದಲ್ಲಿ ಬರುವುದನ್ನೆಲ್ಲ ಬಾಚಿಕೊಳ್ಳುತ್ತದೆ, ಕೆಟ್ಟ ಜಾಗ ಬಂದರೆ ಹಾರಿ ಮುಂದೆ ಹೋಗುತ್ತದೆ, ಯಾವುದು ಬಂತು ಯಾವುದು ಬಾಕಿ ಅಂತ ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ಬಾಕಿ ಇದ್ದದ್ದಕ್ಕೆ ಆಮೇಲೆ ಬೇಕಾದಷ್ಟು ಸಲ ಪ್ರಯತ್ನ ಮಾಡಬಹುದು. ವಿಂಡೋಸ್ ಹಾಗಲ್ಲ, ಒಂದು ಸೆಕ್ಟರ್ (ಡಿಸ್ಕಿನ ಒಂದು ಸಣ್ಣ ತುಣುಕು) ಬರಲಿಲ್ಲ ಅಂತ ಇಡೀ ಫೈಲನ್ನೇ ಬಿಡುತ್ತದೆ.

ಬಿಜೈ_ಹಾರ್ಡ್‌ವೇರ್ | 1.31

ಡಿಡಿರೆಸ್ಕ್ಯೂ ಒಳ್ಳೆಯದೇ, ನಾನು ಬೇಡ ಅನ್ನಲಿಲ್ಲ. ಆದರೆ ಕೇಳಿದ ಪ್ರಶ್ನೆ ಎಕ್ಸ್‌ಪಿಯದ್ದು. ಎಲ್ಲದಕ್ಕೂ ಲಿನಕ್ಸ್ ಹಾಕಿ ಅಂದರೆ ಜನ ಹೆದರಿ ಅರ್ಧದಲ್ಲಿ ಬಿಡುತ್ತಾರೆ.

ಸ್ಟುಡಿಯೋ_ಅಕ್ಕ_ಕಾರ್ಕಳ | 2.20

ಊಟ ಮಾಡಿ ಬಂದು ಪೂರ್ತಿ ಓದಿದೆ. ಇಬ್ಬರೂ ಒಂದು ವಿಷಯ ಬಿಟ್ಟಿರಿ. ಭಟ್ರ ಹತ್ತಿರ ಎರಡು ಜಾತಿಯ ಡಿಸ್ಕ್ ಉಂಟು. ಎಂಪಿ3 ಸಿಡಿಗೆ ಡಿಡಿರೆಸ್ಕ್ಯೂ ಆಗುತ್ತದೆ, ವಿಸಿಡಿಗೆ ಆಗುವುದಿಲ್ಲ.

ಮದುವೆ ವಿಡಿಯೋ ಎಡಿಟಿಂಗ್ ಮಾಡುತ್ತಾ ಇದರಲ್ಲೇ ಕೂದಲು ಹಣ್ಣಾಯಿತು, ಅದಕ್ಕೆ ಹೇಳುತ್ತೇನೆ. ಸಾಮಾನ್ಯ ಸಿಡಿಯಲ್ಲಿ ಒಂದು ಸೆಕ್ಟರಿಗೆ 2048 ಬೈಟ್ ಡೇಟಾ, ಅದರ ಬೆನ್ನಿಗೆ ತಪ್ಪು ತಿದ್ದುವುದಕ್ಕೆಂದೇ ಇನ್ನೂ 276 ಬೈಟ್. ವಿಸಿಡಿಯಲ್ಲಿ ಆ ತಿದ್ದುವ ಜಾಗಕ್ಕೂ ವಿಡಿಯೋವನ್ನೇ ತುಂಬುತ್ತಾರೆ, ಸೆಕ್ಟರಿಗೆ 2324 ಬೈಟ್. ಹಾಗಾಗಿಯೇ 700 ಎಂಬಿಯ ಸಿಡಿಯಲ್ಲಿ 800 ಎಂಬಿಯಷ್ಟು ವಿಡಿಯೋ ಹಿಡಿಯುವುದು. ಗೀರು ಬಂದಲ್ಲಿ ಟಿವಿ ಪ್ಲೇಯರ್ ಚೌಕ ಚೌಕ ತೋರಿಸಿ ಮುಂದೆ ಹೋಗುತ್ತದೆ. ಕಂಪ್ಯೂಟರ್ ಮಾತ್ರ ಪುನಃ ಪುನಃ ಓದಿ ಕೊನೆಗೆ ಸೈಕ್ಲಿಕ್ ರಿಡಂಡೆನ್ಸಿ ಎರರ್ (ಡೇಟಾ ಸರಿಯಾಗಿ ಓದಲಾಗಲಿಲ್ಲ) ಅಂತ ಹೇಳಿ ನಿಲ್ಲಿಸುತ್ತದೆ. ಅದಕ್ಕೆ ವಿಸಿಡಿಯ ಡ್ಯಾಟ್ ಫೈಲನ್ನು (ವಿಡಿಯೋ ಇರುವ ಫೈಲ್) ಎಳೆದು ಹಾಕಬೇಡಿ, ಬೇರೆ ಪ್ರೋಗ್ರಾಂ ಬಳಸಿ. ವಿಂಡೋಸಿನಲ್ಲಾದರೆ ಐಸೋಬಸ್ಟರ್, ಲಿನಕ್ಸಿನಲ್ಲಾದರೆ ವಿಸಿಡಿಎಕ್ಸ್‌ರಿಪ್.

ಇನ್ನೊಂದು ಮಾತು, ಇದು ಮುಖ್ಯ. ನೀವೆಲ್ಲ ವೇಗ ಹೆಚ್ಚಿಸುವುದನ್ನೇ ಹೇಳುತ್ತಿದ್ದೀರಿ. ಹಳೇ ಡಿಸ್ಕಿಗೆ ವೇಗ ಇಳಿಸಿ. 8ಎಕ್ಸಿಗೆ ಇಳಿಸಿ ನೋಡಿ, ಬೇಗ ಮುಗಿಯುತ್ತದೆ.

ಹೊಸ_ಕಾಪು | 2.24

ನಿಧಾನ ಮಾಡಿದರೆ ಬೇಗ ಹೇಗೆ ಮುಗಿಯುವುದು ಅಕ್ಕ? ಲೆಕ್ಕ ಕೂಡುವುದಿಲ್ಲ.

ಸ್ಟುಡಿಯೋ_ಅಕ್ಕ_ಕಾರ್ಕಳ | 2.41

ಲೆಕ್ಕವೇ ಮಾಡುವ. ಸಿಡಿಯ 1ಎಕ್ಸ್ ಅಂದರೆ ಸೆಕೆಂಡಿಗೆ 150 ಕೆಬಿ. 8ಎಕ್ಸ್ ಅಂದರೆ 1200 ಕೆಬಿ. 700 ಎಂಬಿಗೆ ಹತ್ತು ನಿಮಿಷ. ಭಟ್ರ ಡ್ರೈವಿನಲ್ಲಿ 48ಎಕ್ಸ್ ಅಂತ ಬರೆದಿದ್ದರೂ ಅಷ್ಟು ವೇಗ ಬರುವುದು ಡಿಸ್ಕಿನ ಹೊರ ಅಂಚಿನಲ್ಲಿ ಮಾತ್ರ, ನಡುವಿನಲ್ಲಿ ಅದರ ಅರ್ಧವೂ ಇಲ್ಲ. ಆ ವೇಗದಲ್ಲಿ ಡಿಸ್ಕ್ ನಿಮಿಷಕ್ಕೆ ಹತ್ತು ಸಾವಿರ ಸುತ್ತಿನ ಹತ್ತಿರ ತಿರುಗುತ್ತದೆ. ಸ್ವಲ್ಪ ಬಾಗಿದ, ಗೀರು ಬಿದ್ದ ಡಿಸ್ಕ್ ಅಲ್ಲಿ ನಡುಗುತ್ತದೆ, ಲೆನ್ಸಿಗೆ ಗೆರೆ ಸಿಗುವುದಿಲ್ಲ. ಆಗ ಡ್ರೈವ್ ಇಳಿಸುತ್ತದೆ, ಓದುತ್ತದೆ, ಸರಿಯಾಯಿತು ಅಂತ ಪುನಃ ಏರಿಸುತ್ತದೆ, ಪುನಃ ತಪ್ಪುತ್ತದೆ. ಭಟ್ರು ಹೇಳಿದ ಸುಂಯ್, ಟಕ್ ಟಕ್ ಅದೇ. 40 ನಿಮಿಷದಲ್ಲಿ ಹೆಚ್ಚಿನ ಪಾಲು ಈ ಏರಿಳಿತಕ್ಕೇ ಹೋಗುತ್ತದೆ. ಒಂದೇ ಹದದಲ್ಲಿ ಹತ್ತು ನಿಮಿಷ ತಿರುಗುವುದು ಲೇಸಲ್ಲವಾ?

ಪೆಂಗ್ವಿನ್_ಮಣಿಪಾಲ | 2.50

ವಿಸಿಡಿ ವಿಷಯದಲ್ಲಿ ಅಕ್ಕ ಹೇಳಿದ್ದೇ ಸರಿ, ನಾನು ಯೋಚನೆ ಮಾಡಲಿಲ್ಲ. ವೇಗ ಇಳಿಸಲಿಕ್ಕೆ ಲಿನಕ್ಸಿನಲ್ಲಿ ಎಜೆಕ್ಟ್ ಕಮಾಂಡಿಗೆ ಮೈನಸ್ ಎಕ್ಸ್ 8 ಅಂತ ಕೊಟ್ಟರೆ ಸಾಕು.

ಬಿಜೈ_ಹಾರ್ಡ್‌ವೇರ್ | 2.54

ವಿಂಡೋಸಿನಲ್ಲಿ ನೀರೋ ಡ್ರೈವ್‌ಸ್ಪೀಡ್. ಕೆಲವು ಡ್ರೈವ್ ಈ ಮಾತು ಕೇಳುವುದಿಲ್ಲ, ಕೆಲವು ಡಿಸ್ಕ್ ಬದಲಾಯಿಸಿದ ಕೂಡಲೇ ಮರೆಯುತ್ತವೆ. ಪ್ರತಿ ಸಲ ನೋಡಿಕೊಳ್ಳಿ. ಅಕ್ಕ ಹೇಳಿದ್ದನ್ನು ನಾನೇ ಮೊದಲು ಹೇಳಬೇಕಿತ್ತು.

ಮಲ್ಪೆ_ಗಾಳಿ | 4.05

ಸೆಟ್ಟಿಂಗ್ ಎಲ್ಲ ಸರಿ, ಲೆನ್ಸ್ ಒರೆಸಿದ್ದೀರಾ? ಸಮುದ್ರದ ಬದಿಯಲ್ಲಿ ನಮ್ಮ ಮನೆಯ ಟಿವಿ, ಮಿಕ್ಸಿ ಎಲ್ಲದರ ಮೇಲೂ ಅಂಟು ಅಂಟು ಪದರ ಕೂರುತ್ತದೆ. ಲೆನ್ಸ್ ಮೇಲೆ ಕೂರದೆ ಇರುತ್ತದಾ? ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಕಿವಿಕಡ್ಡಿ ಸ್ವಲ್ಪವೇ ಒದ್ದೆ ಮಾಡಿ, ಒತ್ತದೆ, ಮುಟ್ಟಿದೆಯೋ ಇಲ್ಲವೋ ಅನ್ನುವ ಹಾಗೆ ಒಂದು ಸುತ್ತು. ಪವರ್ ತೆಗೆದೇ ಮಾಡಿ.

ಕುಂದಾಪ್ರದ್_ಮಾಣಿ | 4.12

ಡಿಸ್ಕಿಗೆ ಟೂತ್‌ಪೇಸ್ಟ್ ಹಚ್ಚಿ ತಿಕ್ಕಿ ಭಟ್ರೆ, ನಮ್ದ್ ಒಂದ್ ಸರಿ ಆಯ್ತ್.

ಸ್ಟುಡಿಯೋ_ಅಕ್ಕ_ಕಾರ್ಕಳ | 4.20

ಮೊದಲಿಗೇ ಅದು ಬೇಡ. ಪೇಸ್ಟ್ ಅಂದರೆ ನುಣ್ಣನೆಯ ಮರಳು ಕಾಗದ ಇದ್ದ ಹಾಗೆ. ಹೊಳೆಯುವ ಬದಿಯ ಪ್ಲಾಸ್ಟಿಕ್ 1.2 ಮಿಲಿಮೀಟರ್ ದಪ್ಪ ಇರುವುದರಿಂದ ಸಣ್ಣ ಗೀರು ಕೆಲವೊಮ್ಮೆ ಹೋಗುತ್ತದೆ, ಹಾಗೆಯೇ ಹೊಸ ಗೀರೂ ಬೀಳುತ್ತದೆ. ಮೊದಲು ನೀರಿನಲ್ಲಿ ತೊಳೆದು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ. ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು, ಸುತ್ತ ತಿರುಗಿಸಿ ಅಲ್ಲ. ಸುತ್ತ ಬಿದ್ದ ಗೀರು ಡೇಟಾದ ಗೆರೆಯ ಜೊತೆಗೇ ಓಡುತ್ತದೆ, ಅದನ್ನು ಡ್ರೈವಿಗೆ ತಿದ್ದಿಕೊಳ್ಳುವುದು ಕಷ್ಟ.

ಹೆಸರು ಬರೆದ ಬದಿಯನ್ನು ಮಾತ್ರ ತಿಕ್ಕಲೇಬೇಡಿ. ಡೇಟಾ ಇರುವುದು ಆ ಬದಿಯ ತೆಳು ಪದರದ ಕೆಳಗೇ. ಟ್ಯೂಬ್‌ಲೈಟಿಗೆ ಹಿಡಿದು ನೋಡಿ. ಸೂಜಿಮೊನೆಯಷ್ಟು ಬೆಳಕು ಕಂಡಲ್ಲಿ ಡೇಟಾ ಇಲ್ಲ ಅಂತಲೇ ಅರ್ಥ.

ಕುಂಜಿಬೆಟ್ಟು_ಭಟ್ | ಭಾನುವಾರ ರಾತ್ರಿ 8.30

ಎಲ್ಲ ಮಾಡಿದೆ. ಲೆನ್ಸ್ ಒರೆಸಿದೆ, ಕಿವಿಕಡ್ಡಿಯ ಹತ್ತಿ ಬೂದು ಬಣ್ಣಕ್ಕೆ ತಿರುಗಿತ್ತು. ಕೇಬಲ್ ಬೇರೆ ಮಾಡಿದೆ. ವೇಗ 8ಎಕ್ಸಿಗೆ ಇಳಿಸಿದೆ. ಇಪ್ಪತ್ತು ನಿಮಿಷದಲ್ಲಿ ಏನೂ ಬಾರದ ಆ ಹದಿನೇಳನೆಯ ಡಿಸ್ಕ್ ಹನ್ನೊಂದು ನಿಮಿಷದಲ್ಲಿ ಪೂರ್ತಿ ಬಂತು. ಅಕ್ಕ, ನನಗೆ ನಂಬಲಿಕ್ಕೇ ಆಗಲಿಲ್ಲ. ಶಬ್ದವೇ ಬೇರೆ, ಫ್ಯಾನ್ ತಿರುಗಿದ ಹಾಗೆ ಸಣ್ಣಗೆ ಒಂದೇ ಸಮ.

ಕೇಳಿದೆ ಕೂಡ. ಚೆಂಡೆ ಶುರುವಾಗುವ ಮೊದಲು ಮೈಕಿನ ಹತ್ತಿರವೇ ಅಪ್ಪ ಒಂದು ಸಲ ಕೆಮ್ಮಿ, "ಕ್ಯಾಸೆಟ್ ತಿರುಗ್ತಾ ಉಂಟಾ ನೋಡು" ಅಂತ ಯಾರಿಗೋ ಹೇಳುವುದು ಸ್ಪಷ್ಟ ಕೇಳುತ್ತದೆ. ಅಮ್ಮನನ್ನು ಕರೆದು ಕೂರಿಸಿ ಎರಡು ಸಲ ಹಾಕಿದೆ.

ಒಂದು ತೊಂದರೆ ಉಳಿದಿದೆ. ಎರಡು ಎಂಪಿ3 ಡಿಸ್ಕ್ ಯಾವ ವೇಗದಲ್ಲಿ ಹಾಕಿದರೂ ಪ್ರತಿ ಸಲ ಸರಿಯಾಗಿ ಒಂದೇ ಫೈಲಿನಲ್ಲಿ ನಿಲ್ಲುತ್ತದೆ. ಹೊಳೆಯುವ ಬದಿಯಲ್ಲಿ ಒಂದು ಗೀರೂ ಇಲ್ಲ.

ಸ್ಟುಡಿಯೋ_ಅಕ್ಕ_ಕಾರ್ಕಳ | 8.38

ಮೇಲಿನ ಬದಿಯಲ್ಲಿ ಎಂತದರಲ್ಲಿ ಬರೆದಿದ್ದಾರೆ? ಸ್ಕೆಚ್ ಪೆನ್ನಾ, ಬಾಲ್ ಪೆನ್ನಾ?

ಕುಂಜಿಬೆಟ್ಟು_ಭಟ್ | 8.44

ಬಾಲ್ ಪೆನ್. ಅಪ್ಪನ ಅಕ್ಷರ. ಊರು, ತಾರೀಕು, ಯಾರ ಯಾರ ಅರ್ಥ ಅಂತ ಒತ್ತಿ ಬರೆದಿದ್ದಾರೆ. ಬೆಳಕಿಗೆ ಹಿಡಿದರೆ ತಾರೀಕಿನ ಕೆಳಗೆ ಎಳೆದ ಗೆರೆಯಲ್ಲಿ ಬೆಳಕು ಬರುತ್ತದೆ.

ಸ್ಟುಡಿಯೋ_ಅಕ್ಕ_ಕಾರ್ಕಳ | 8.47

ಅಲ್ಲೇ ಹೋಗಿದೆ. ಪೆನ್ನಿನ ಮೊನೆ ಪದರವನ್ನು ಒತ್ತಿಬಿಟ್ಟಿದೆ. ಆಗ ಯಾರಿಗೂ ಇದು ಗೊತ್ತಿರಲಿಲ್ಲ, ನಾವೇ ಸ್ಟುಡಿಯೋದಲ್ಲಿ ಎಷ್ಟು ಡಿಸ್ಕಿನ ಮೇಲೆ ಹಾಗೆ ಬರೆದು ಕೊಟ್ಟಿದ್ದೇವೋ, ನೆನೆದರೆ ಬೇಸರವಾಗುತ್ತದೆ. ಆ ಗೆರೆಯ ಕೆಳಗಿನದ್ದು ಸಿಗಲಿಕ್ಕಿಲ್ಲ, ಉಳಿದದ್ದನ್ನು ಬಿಡಬೇಡಿ. ಪೆಂಗ್ವಿನ್ ಹೇಳಿದ ಡಿಡಿರೆಸ್ಕ್ಯೂ ಬೇಕಾಗುವುದು ಇಲ್ಲಿಯೇ.

ಪೆಂಗ್ವಿನ್_ಮಣಿಪಾಲ | 8.55

ಖಂಡಿತ. ಇನ್ನೂ ಒಂದು ಅನುಕೂಲ ಉಂಟು. ಆ ಮ್ಯಾಪ್ ಫೈಲ್ ಇಟ್ಟುಕೊಂಡು ಅದೇ ಡಿಸ್ಕನ್ನು ಬೇರೆ ಡ್ರೈವಿನಲ್ಲಿ ಹಾಕಿದರೆ ಬಾಕಿ ಇದ್ದದ್ದನ್ನು ಮಾತ್ರ ಓದುತ್ತದೆ. ಒಂದು ಡ್ರೈವಿಗೆ ಸಿಗದ ಸೆಕ್ಟರ್ ಇನ್ನೊಂದಕ್ಕೆ ಸಿಗುವುದುಂಟು. ಎಂಪಿ3 ಆದ್ದರಿಂದ ನಡುವೆ ಸ್ವಲ್ಪ ಹೋದರೂ ಒಂದೆರಡು ಸೆಕೆಂಡ್ ತುಂಡಾಗುತ್ತದೆ ಅಷ್ಟೇ, ಫೈಲ್ ಓಡುತ್ತದೆ.

ಹೊಸ_ಕಾಪು | 9.02

ನನ್ನ ಹತ್ತಿರ ಲ್ಯಾಪ್‌ಟಾಪಿನ ಯುಎಸ್‌ಬಿ ಡಿವಿಡಿ ಡ್ರೈವ್ ಉಂಟು, ಬೇಕಾದರೆ ತಂದುಕೊಡುತ್ತೇನೆ ಅಣ್ಣ.

ಬಿಜೈ_ಹಾರ್ಡ್‌ವೇರ್ | 9.09

ತಂದುಕೊಡು, ಒಳ್ಳೆಯದೇ. ಎರಡು ಪೋರ್ಟಿಗೆ ಚುಚ್ಚುವ ಅದರ ಎರಡು ತಲೆಯ ಕೇಬಲ್ ಇದ್ದರೆ ಅದನ್ನೂ ತಾ. ಹಳೇ ಯುಎಸ್‌ಬಿ 2.0 ಪೋರ್ಟಿನಲ್ಲಿ 500 ಮಿಲಿಆಂಪ್ ಮಾತ್ರ ಲೆಕ್ಕ, ಆ ಡ್ರೈವ್ ತಿರುಗಲು ಶುರುವಾಗುವಾಗ ಅದಕ್ಕಿಂತ ಹೆಚ್ಚು ಕೇಳುತ್ತದೆ. ಕರೆಂಟ್ ಸಾಲದಿದ್ದರೆ ನಡುವೆಯೇ ಡಿಸ್ಕ್ ಕಾಣೆಯಾಗುತ್ತದೆ, ಆಮೇಲೆ ಡಿಸ್ಕಿಗೆ ಬೈಯುತ್ತೀರಿ.

ಭಟ್ರೆ, ನನ್ನ ಹತ್ತಿರ ಮೂರು ಹಳೇ ಐಡಿಇ ಡ್ರೈವ್ ಉಂಟು. ಬುಧವಾರ ಉಡುಪಿಗೆ ಬರುವುದುಂಟು, ತರುತ್ತೇನೆ. ಅಲ್ಲಿವರೆಗೆ ಆ ಎರಡು ಡಿಸ್ಕ್ ಪುನಃ ಪುನಃ ಹಾಕಬೇಡಿ.

ಮಲ್ಪೆ_ಗಾಳಿ | 9.15

ಕಾಪಿ ಆದ ಡಿಸ್ಕನ್ನು ಪುನಃ ಅದೇ ಕಪಾಟಿಗೆ ಇಡಬೇಡಿ ಭಟ್ರೆ. ವರ್ಷಕ್ಕೆ 4000 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು, ಆಟಿ ತಿಂಗಳ ಮಳೆಯಲ್ಲಿ ಮರದ ಕಪಾಟಿನೊಳಗೆ ಚಪ್ಪಲಿಗೂ ಬೂಷ್ಟು ಬರುತ್ತದೆ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಹಾರ್ಡ್‌ಡಿಸ್ಕೂ ಎರಡು ಕಡೆ ಇರಲಿ.

ಮಾಷ್ಟ್ರು_ಬ್ರಹ್ಮಾವರ | 9.30

ಡಿಸ್ಕಿನ ಮೇಲೆ ತಂದೆಯವರು ಬರೆದದ್ದನ್ನು ಫೋಟೋ ತೆಗೆದಿಡಿ. ಯಾವ ಊರು, ಯಾರ ಅರ್ಥ ಅನ್ನುವುದು ಆಡಿಯೋದಲ್ಲಿ ಇರುವುದಿಲ್ಲ. ದನಿ ಕೇಳಿ ಗುರುತಿಸುವವರು ಈಗ ಕೆಲವರೇ ಇದ್ದೇವೆ, ಬರೆಯದೆ ಇದ್ದದ್ದು ಇದ್ದರೆ ನನಗೆ ಕಳಿಸಿ. ಕೇಳಿ ಹೇಳುತ್ತೇನೆ.

ಕುಂಜಿಬೆಟ್ಟು_ಭಟ್ | 9.48

ಮಾಷ್ಟ್ರೆ, ಹೆಸರಿಲ್ಲದ್ದು ಒಂಬತ್ತು ಉಂಟು, ನಾಳೆಯೇ ಕಳಿಸುತ್ತೇನೆ. ಕಾಪು ತಮ್ಮ, ಬುಧವಾರ ನೀನೂ ಡ್ರೈವ್ ಹಿಡ್ಕೊಂಡು ಬಾ. ಬಿಜೈ ಅಣ್ಣ, ಕಲ್ಸಂಕದಲ್ಲಿ ಇಳಿದು ಫೋನ್ ಮಾಡಿ, ಸ್ಕೂಟರ್ ತರುತ್ತೇನೆ. ಮಧ್ಯಾಹ್ನದ ಊಟ ನಮ್ಮಲ್ಲೇ.

ಬಿಜೈ_ಹಾರ್ಡ್‌ವೇರ್ | 9.51

ಆಯಿತು. ಹನ್ನೊಂದು ಗಂಟೆಗೆ ಅಲ್ಲಿರುತ್ತೇನೆ. ಸ್ಕ್ರೂಡ್ರೈವರ್ ನಾನೇ ತರುತ್ತೇನೆ.